ಪೈಥಾನ್ ಅಂತ ಟೈಪ್ ಮಾಡಿದ್ರೆ ಸ್ಟೋರ್ ಯಾಕೆ ಬರುತ್ತೆ?

ಪ್ರಶ್ನೆ: ಸರ್, ನಾನು ಬಿಸಿಎ ಎರಡನೇ ವರ್ಷ ಓದ್ತಿದೀನಿ. ವಿಂಡೋಸ್ 11 ಲ್ಯಾಪ್‌ಟಾಪಿಗೆ ಪ್ರೋಗ್ರಾಮಿಂಗ್ ಭಾಷೆ ಪೈಥಾನ್ 3.12 ಹಾಕಿದೀನಿ, ಆದ್ರೆ ಕಮಾಂಡ್ ಪ್ರಾಂಪ್ಟಲ್ಲಿ (ಆದೇಶ ಟೈಪ್ ಮಾಡೋ ಕಪ್ಪು ಕಿಟಕಿ) ಪೈಥಾನ್ ಅಂತ ಹೊಡೆದ್ರೆ ಮೈಕ್ರೋಸಾಫ್ಟ್ ಸ್ಟೋರ್ ಓಪನ್ ಆಗುತ್ತೆ. ಮೂರು ಸಲ ತೆಗೆದು ಹಾಕಿದ್ದಾಯ್ತು. ಕಂಪ್ಯೂಟರ್ ರಿಪೇರಿ ಅಂಗಡಿಯವ್ರು ಫಾರ್ಮ್ಯಾಟ್ ಮಾಡ್ಬೇಕು, 800 ರೂಪಾಯಿ ಆಗುತ್ತೆ ಅಂತಿದಾರೆ. ಮಾಡಿಸ್ಲಾ?
– ಓದುಗಳು, ಹಾವೇರಿ

ಉತ್ತರ: ಬೇಡಮ್ಮ, ದಯವಿಟ್ಟು ಆ ದುಡ್ಡು ಕೊಡಬೇಡಿ, ನಿಮ್ಮ ಲ್ಯಾಪ್‌ಟಾಪಿಗೆ ಏನೂ ಆಗಿಲ್ಲ. ಮೊದ್ಲು ಅದೇ ಕಪ್ಪು ಕಿಟಕಿಯಲ್ಲಿ ಪಿ, ವೈ ಅಂತ ಎರಡೇ ಅಕ್ಷರ ಹೊಡೆದು ಎಂಟರ್ ಒತ್ತಿ ನೋಡಿ. ವರ್ಷನ್ ನಂಬರ್ ಬಂದು ಕೆಳಗೆ ಮೂರು ಬಾಣದ ಗುರುತು (>>>) ಕಾಣಿಸಿದ್ರೆ ಪೈಥಾನ್ ಒಳಗೆ ಸರಿಯಾಗೇ ಕೂತಿದೆ ಅಂತ ಅರ್ಥ.

ಆಗೋದೇನಂದ್ರೆ, ನೀವೊಂದು ಹೆಸರು ಹೊಡೆದಾಗ ವಿಂಡೋಸ್ ಇಡೀ ಡಿಸ್ಕ್ ಹುಡುಕಲ್ಲ, ಆಗ ನೀವಿರೋ ಫೋಲ್ಡರ್, ಆಮೇಲೆ ಪಾತ್ ಅನ್ನೋ ಪಟ್ಟಿಯಲ್ಲಿರೋ ಫೋಲ್ಡರುಗಳು, ಇಷ್ಟನ್ನ ಮಾತ್ರ ವರಸೆಯಾಗಿ ನೋಡುತ್ತೆ, ಮೊದ್ಲು ಸಿಕ್ಕಿದ್ದನ್ನೇ ಓಡಿಸುತ್ತೆ. 2019ರ ಮೇ ಅಪ್‌ಡೇಟಿಂದ ಈಚೆಗೆ ಮೈಕ್ರೋಸಾಫ್ಟ್‌ನವರು ಆ ಪಟ್ಟಿಯ ಒಂದು ಫೋಲ್ಡರಲ್ಲಿ ಪೈಥಾನ್ ಹೆಸರಿಂದೊಂದು ಖಾಲಿ ಫೈಲ್ ಇಟ್ಟಿದಾರೆ, ಅದರ ಕೆಲ್ಸ ಸ್ಟೋರ್ ತೆಗೆಯೋದು ಅಷ್ಟೇ. ನಿಮ್ಮ ಪೈಥಾನ್ ಇರೋ ಫೋಲ್ಡರ್ ಪಟ್ಟಿಯಲ್ಲೇ ಇಲ್ಲ, ಯಾಕಂದ್ರೆ ಇನ್‌ಸ್ಟಾಲರಿನ ಮೊದಲ ಪರದೆಯ ತಳದಲ್ಲಿ ಪಾತ್‌ಗೆ ಸೇರಿಸು ಅನ್ನೋ ಚಿಕ್ಕ ಡಬ್ಬಿಗೆ ಟಿಕ್ ಇರೋದಿಲ್ಲ, ನಾವೇ ಹಾಕ್ಬೇಕು. ಎಷ್ಟೋ ಮಕ್ಕಳು ಇದೊಂದು ಟಿಕ್ ಬಿಟ್ಟು ನನಗೆ ಪ್ರೋಗ್ರಾಮಿಂಗ್ ಬರಲ್ಲ ಅಂತ ಕೈಬಿಡ್ತಾರೆ, ನನಗೆ ಹೊಟ್ಟೆ ಉರಿಯೋದು ಅದಕ್ಕೇ.

ನಾಲ್ಕನೇ ಸಲ ತೆಗೆಯೋದು ಬೇಡ. ಅದೇ ಇನ್‌ಸ್ಟಾಲರ್ ಮತ್ತೆ ಓಡಿಸಿ, ಮಾಡಿಫೈ ಒತ್ತಿ, ನೆಕ್ಸ್ಟ್ ಕೊಟ್ಟು, ಎನ್ವಿರಾನ್‌ಮೆಂಟ್ ವೇರಿಯಬಲ್ಸ್‌ಗೆ ಸೇರಿಸು (ಅಂದ್ರೆ ಅದೇ ಪಾತ್ ಪಟ್ಟಿಗೆ) ಅನ್ನೋದಕ್ಕೆ ಟಿಕ್ ಹಾಕಿ ಇನ್‌ಸ್ಟಾಲ್ ಕೊಡಿ. ಆಮೇಲೆ ತೆರೆದಿರೋ ಕಮಾಂಡ್ ಪ್ರಾಂಪ್ಟ್ ಮುಚ್ಚಿ ಹೊಸದು ತೆಗೀರಿ, ಇದನ್ನ ಮರೀಬೇಡಿ, ಹಳೇ ಕಿಟಕಿ ಹಳೇ ಪಟ್ಟಿಯನ್ನೇ ಹಿಡ್ಕೊಂಡಿರುತ್ತೆ. ಆಗ್ಲೂ ಸ್ಟೋರೇ ಬಂದ್ರೆ ಸ್ಟಾರ್ಟ್ ಮೆನುವಲ್ಲಿ ಆ್ಯಪ್ ಎಕ್ಸಿಕ್ಯೂಷನ್ ಏಲಿಯಾಸಸ್ ಅಂತ ಹುಡುಕಿ ಪೈಥಾನ್ ಹೆಸರಿನ ಎರಡೂ ಸ್ವಿಚ್ ಆಫ್ ಮಾಡಿ.

ಪ್ರೋಗ್ರಾಮ್ ಬರೆಯೋ ವಿಎಸ್ ಕೋಡ್ ಆ್ಯಪ್ ತೆರೆದೇ ಇದ್ರೆ ಅದನ್ನೂ ಪೂರ್ತಿ ಮುಚ್ಚಿ ಮತ್ತೆ ತೆಗೀರಿ, ಅದರೊಳಗಿನ ಟರ್ಮಿನಲ್ ಅನ್ನೋ ಕಮಾಂಡ್ ಕಿಟಕಿಗೂ ಇದೇ ಕಥೆ.