ಗೆದ್ದ ಯುದ್ಧಕ್ಕೆ ಕೂಲಿ

ಪ್ರಶ್ನೆ: ಹಿಟ್ಲರನ ವಿರುದ್ಧ ಯುದ್ಧ ಗೆಲ್ಲಿಸಿಕೊಟ್ಟ ಪ್ರಧಾನಿ ಚರ್ಚಿಲ್‌ರನ್ನು ಬ್ರಿಟನ್ ಜನ 1945ರಲ್ಲಿ ಎರಡೇ ತಿಂಗಳಿಗೆ ಮನೆಗೆ ಕಳಿಸಿದರು. ಇದಕ್ಕಿಂತ ದೊಡ್ಡ ಉಪಕಾರಗೇಡಿತನ ಉಂಟೇ? ಜನ ಎಲ್ಲ ಕಾಲದಲ್ಲೂ ಹೀಗೇ.
– ನಿವೃತ್ತ ಇತಿಹಾಸ ಶಿಕ್ಷಕರು, ಶಿವಮೊಗ್ಗ

ಉತ್ತರ: ಮೇಷ್ಟ್ರೇ, 1940ರಲ್ಲಿ ಚರ್ಚಿಲ್ ಗಟ್ಟಿಯಾಗಿ ನಿಂತದ್ದು ನಿಜ. 1943ರ ಬಂಗಾಳದ ಕ್ಷಾಮ ನೆನೆದರೆ ನಮಗೆ ಅವರ ಮೇಲೆ ಬೇರೆಯೇ ಸಿಟ್ಟಿದೆ, ಅದನ್ನು ಸದ್ಯ ಪಕ್ಕಕ್ಕಿಡೋಣ. ಆದರೆ ಇತಿಹಾಸ ಕಲಿಸಿದ ನೀವೇ ಜನರನ್ನು ಬೈದರೆ ಹೇಗೆ?

ಆ ವರ್ಷ ಅಲ್ಲಿಯ ಒಂದು ಅಡುಗೆಮನೆಗೆ ಹೋಗಿ ನೋಡಿ. ಮೇ 8ಕ್ಕೆ ಯುರೋಪಿನ ಯುದ್ಧ ಮುಗಿಯಿತು, ಬೀದಿಯಲ್ಲಿ ಕುಣಿದದ್ದೂ ಆಯಿತು. ಮರುದಿನ ಮತ್ತೆ ಅದೇ ರೇಷನ್ ಪುಸ್ತಕ, ಅದೇ ಸಾಲು. ಮಾಂಸ, ಬೆಣ್ಣೆ, ಸಕ್ಕರೆ, ಚಹಾ, ಬಟ್ಟೆ, ಎಲ್ಲ ಅಳತೆಯಲ್ಲೇ. ಯುದ್ಧದಲ್ಲೂ ರೇಷನ್ನಿಗೆ ಸೇರದಿದ್ದ ಬ್ರೆಡ್ಡು 1946ರ ಜುಲೈನಲ್ಲಿ ಸೇರಿತು! ಬಾಂಬಿಗೆ ಬಿದ್ದ ಮನೆಗಳು ಲಕ್ಷಾಂತರ. ಹೆಂಡತಿ ಮಕ್ಕಳು ಅತ್ತೆಮನೆಯ ಒಂದು ಕೋಣೆಯಲ್ಲಿ, ಗಂಡ ಬರ್ಮಾದಲ್ಲೋ ಜರ್ಮನಿಯಲ್ಲೋ. ಇಂಥವರಿಗೆ ವೋಟು ಹಾಕುವಾಗ ಯಾವುದು ಕಣ್ಣ ಮುಂದೆ ಬರಬೇಕು?

ಅವರಿಗೆ ಹಳೆಯ ಪೆಟ್ಟೂ ನೆನಪಿತ್ತು. 1918ರಲ್ಲಿ ಮೊದಲ ಮಹಾಯುದ್ಧ ಮುಗಿದಾಗ ಆಗಿನ ಪ್ರಧಾನಿ ಲಾಯ್ಡ್ ಜಾರ್ಜ್ ಸೈನಿಕರಿಗೆ ಒಳ್ಳೆಯ ಮನೆಗಳ ಮಾತು ಕೊಟ್ಟಿದ್ದರು. ಆಮೇಲೆ ಬಂದದ್ದು ಜಾಸ್ತಿ ನಿರುದ್ಯೋಗವೇ. ಹಾಗಾಗಿ ಈ ಸಲ ಜನ ಮೊದಲೇ ಓದಿಕೊಂಡು ಕೂತಿದ್ದರು. ಕಾಯಿಲೆ, ಕೆಲಸವಿಲ್ಲದ ಕಾಲ, ಮುಪ್ಪು, ಇವಕ್ಕೆಲ್ಲ ಸರ್ಕಾರದ ಆಸರೆ ಬೇಕೆಂದು ಅರ್ಥಶಾಸ್ತ್ರಜ್ಞ ಬೆವರಿಜ್ ಬರೆದ ವರದಿ 1942ರ ಡಿಸೆಂಬರಿನಲ್ಲಿ ಬಂದಾಗ ಜನ ಸಾಲಲ್ಲಿ ನಿಂತು ಕೊಂಡರು. ಸರ್ಕಾರಿ ವರದಿಗೆ ಸಾಲು! ಆ ಜನರ ಮೇಲೆ ನನಗೆ ತುಂಬ ಗೌರವ.

ಜುಲೈ 5ಕ್ಕೆ ಮತದಾನ. ದೂರದ ಸೈನಿಕರ ವೋಟುಗಳು ಬರಲಿ ಅಂತ ಎಣಿಕೆಗೆ ಮೂರು ವಾರ ಕಾದರು. ಜಪಾನಿನ ಜೊತೆ ಯುದ್ಧ ಇನ್ನೂ ನಡೆದೇ ಇತ್ತು, ಆದರೂ ಚುನಾವಣೆ ಮಾಡಿದರು. 26ರಂದು ಫಲಿತಾಂಶ: ಚರ್ಚಿಲ್‌ರ ಎದುರಾಳಿ ಆಟ್ಲಿಯವರ ಲೇಬರ್ ಪಕ್ಷಕ್ಕೆ 393 ಸ್ಥಾನ, ಸ್ಪಷ್ಟ ಬಹುಮತ. ಚರ್ಚಿಲ್‌ರ ಸ್ವಂತ ಕ್ಷೇತ್ರದಲ್ಲಿ ದೊಡ್ಡ ಪಕ್ಷಗಳು ಅವರ ಎದುರು ಯಾರನ್ನೂ ನಿಲ್ಲಿಸಿರಲಿಲ್ಲ. ಅಲ್ಲಿಯೂ ಯಾರೂ ಅರಿಯದ ಒಬ್ಬ ರೈತನಿಗೆ 10 ಸಾವಿರಕ್ಕೂ ಜಾಸ್ತಿ ವೋಟು ಬಿತ್ತು. ಚರ್ಚಿಲ್ ಹೋದಲ್ಲೆಲ್ಲ ಜನ ಸೇರುತ್ತಿದ್ದರು, ಜೈಕಾರವೂ ಇತ್ತು. ಆ ಪ್ರೀತಿ ಸುಳ್ಳಲ್ಲ. ಯುದ್ಧಕ್ಕೆ ಇವರು ಸರಿ, ಮನೆ ಕಟ್ಟಲು ಬೇರೆಯವರು ಬೇಕು ಎಂದರು, ಅಷ್ಟೇ. ಇದರಲ್ಲಿ ಉಪಕಾರಗೇಡಿತನ ಎಲ್ಲಿದೆ?

ಉಪಕಾರದ ಈ ಮಾತು ಕೇಳಿದರೆ ನನಗೆ ನಮ್ಮೂರುಗಳೇ ನೆನಪಾಗುತ್ತವೆ. ಬಸ್ ತಂಗುದಾಣದ ಮೇಲೆ ಶಾಸಕರ ಹೆಸರು ದೊಡ್ಡದು, ಊರಿನ ಹೆಸರು ಸಣ್ಣದು. ಚುನಾವಣೆ ಬಂದರೆ 'ಕೆಲಸ ಮಾಡಿದ್ದೇನೆ, ಕೂಲಿ ಕೊಡಿ' ಎನ್ನುತ್ತಾರೆ. ನಮ್ಮ ತೆರಿಗೆಯಲ್ಲಿ ಕಟ್ಟಿದ್ದಕ್ಕೆ ನಾವೇ ಋಣಿಗಳಾಗಬೇಕಂತೆ. ಪಾಠದ ಪುಸ್ತಕದಲ್ಲೂ ಒಪ್ಪಂದಗಳ ತಾರೀಖು, ನಾಯಕರ ಫೋಟೋ, ಇಷ್ಟೇ. ಆ ವರ್ಷ ಜನ ಏನು ತಿಂದರು, ಎಲ್ಲಿ ಮಲಗಿದರು ಅಂತ ಯಾವ ಪರೀಕ್ಷೆಯಲ್ಲಿ ಕೇಳಿದ್ದಾರೆ? ನಿಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಮೇಷ್ಟ್ರಾದವರು ಇದ್ದೇ ಇರುತ್ತಾರೆ, ಅಲ್ವಾ? ಆ ಪ್ರಶ್ನೆಯನ್ನು ಅವರ ಕೈಲಾದರೂ ಕೇಳಿಸಿ.