ಪಳ್ಳಕ್ಕೆ ಬರುವ ನೀರುನಾಯಿ ಯಾವ ಜಾತಿ?

ಅಣ್ಣಾ, ನೀವು ಕೇಳಿದ್ದು ಎರಡು ವಿಷಯ. ತೋಟದ ಪಳ್ಳಕ್ಕೆ, ಅಂದರೆ ಸಣ್ಣ ಕೆರೆಗೆ, ಬರುವ ನೀರುನಾಯಿ ನಾಯಿ ಜಾತಿಯಾ, ಮುಂಗುಸಿ ಜಾತಿಯಾ? ಮತ್ತೆ, ಸಾಕಿದ ಮೀನು ಕಡಿಮೆಯಾಗಿದ್ದು ಅದರಿಂದಲೇನಾ?

ನಾಯಿಯೂ ಅಲ್ಲ, ಮುಂಗುಸಿಯೂ ಅಲ್ಲ. ಮಾಂಸಾಹಾರಿಗಳ ಗಣದಲ್ಲಿ ಎರಡು ದೊಡ್ಡ ಕವಲುಗಳಿವೆ. ಒಂದರಲ್ಲಿ ಬೆಕ್ಕು, ಪುನುಗು, ಕತ್ತೆಕಿರುಬ. ನೋಡಲು ನೀರುನಾಯಿಯ ತಮ್ಮನ ಹಾಗಿದ್ದರೂ ಮುಂಗುಸಿ ಸೇರುವುದು ಅಲ್ಲಿಗೇ. ಇನ್ನೊಂದರಲ್ಲಿ ನಾಯಿ, ಕರಡಿ, ಸೀಲ್, ನೀರುನಾಯಿ. ಮರಾಠಿಯವರು ಇದನ್ನು ಪಾಣಮಾಂಜರ, ಅಂದರೆ ನೀರುಬೆಕ್ಕು ಅನ್ನುತ್ತಾರೆ. ನಮ್ಮ ಹೆಸರೇ ಸತ್ಯಕ್ಕೆ ಹತ್ತಿರ. ಮಲಯಾಳದ ನೀರ್‌ನಾಯ ಕೂಡ ಹಾಗೆಯೇ ಅಲ್ವಾ.

ಆದರೆ ಅದರ ಸ್ವಂತ ಮನೆ ಮಸ್ಟೆಲಿಡೇ ಕುಟುಂಬ. ಘಟ್ಟದ ಕಾಡಿನ ನೀಲಗಿರಿ ಮಾರ್ಟೆನ್ ಎಂಬ ಪ್ರಾಣಿ ಕೂಡ ಅದೇ ಮನೆಯದು. ಅದರೊಳಗೆ ನೀರುನಾಯಿಗಳಿಗೇ ಒಂದು ಉಪಕುಟುಂಬ, ಲೂಟ್ರಿನೇ. ಜಗತ್ತಿನಲ್ಲಿ 13–14 ಪ್ರಭೇದ, ಭಾರತದಲ್ಲಿ 3. ಯುರೇಷಿಯನ್ ನೀರುನಾಯಿ ನಮ್ಮ ದಕ್ಷಿಣದಲ್ಲಿ ಬಹಳ ಅಪರೂಪ, ಅದನ್ನು ಬಿಡೋಣ. ಉಳಿದ ಎರಡನ್ನು ಬೇರೆ ಮಾಡಿ ನೋಡಿದರೆ ನಿಮ್ಮ ಮೀನಿನ ಲೆಕ್ಕವೂ ಸಿಗುತ್ತದೆ.

ನುಣುಪು ಕೂದಲಿನದು ಲೂಟ್ರೊಗೇಲ್ ಕುಲದ್ದು. 7ರಿಂದ 11 ಕಿಲೋ ತೂಗುತ್ತದೆ, ಬಾಲದ ತುದಿ ಚಪ್ಪಟೆ, ಗುಂಪಾಗಿ ಬರುತ್ತದೆ. ಮುಖ್ಯ ಊಟ ಮೀನು. ಸಣ್ಣ ಉಗುರಿನದು ಎಯೋನಿಕ್ಸ್ ಕುಲದ್ದು. ಈ ಹೆಸರಿನ ಅರ್ಥವೇ ಉಗುರಿಲ್ಲದ್ದು ಎಂದು. ತೂಕ 5 ಕಿಲೋ ದಾಟುವುದು ಕಡಿಮೆ. ಘಟ್ಟದ ತೋಡುಗಳಲ್ಲಿ ಕಲ್ಲಿನ ಸಂದಿಗೆ ಕೈ ಹಾಕಿ ಏಡಿ ಹಿಡಿಯುತ್ತದೆ. ಎಷ್ಟು ಚಂದ ಅಂದರೆ, ಅದರ ಕೈಬೆರಳುಗಳು ನಿಜಕ್ಕೂ ತಡಕಾಡುತ್ತವೆ. ಇವೆರಡೂ ಹತ್ತಿರದ ಸಂಬಂಧಿಗಳು. ಸಿಂಗಾಪುರದಲ್ಲಿ ಇವುಗಳ ಮಿಶ್ರ ಸಂತತಿಯೂ ಪತ್ತೆಯಾಗಿದೆ.

ಹಾಗಾಗಿ ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಬೆಳಿಗ್ಗೆ ಪಳ್ಳದ ಬದಿಯ ಬಂಡೆಯ ಮೇಲೆ ಹಿಕ್ಕೆ ಹುಡುಕಿ, ಕೋಲಿನಿಂದ ಒಡೆದು ನೋಡಿ. ಏಡಿ ಚಿಪ್ಪಿನ ಚೂರುಗಳೇ ಜಾಸ್ತಿ ಇದ್ದರೆ ಅದು ಸಣ್ಣ ಉಗುರಿನದಾಗಿರಬಹುದು, ನಿಮ್ಮ ಮೀನಿಗೆ ದೊಡ್ಡ ಭಯವಿಲ್ಲ. ಮೀನಿನ ಹುರುಪೆ, ಮುಳ್ಳು ತುಂಬಿದ್ದರೆ ದೊಡ್ಡದು. ಕೆಸರಿನಲ್ಲಿ ಹೆಜ್ಜೆ ಇದ್ದರೆ ಉಗುರಿನ ಗುರುತು ಬಿದ್ದಿದೆಯಾ ನೋಡಿ, ಬಿದ್ದಿದ್ದರೆ ದೊಡ್ಡದಿರಬಹುದು.

ದೊಡ್ಡದೇ ಆಗಿದ್ದರೆ ಪಳ್ಳದ ಸುತ್ತ ಗಟ್ಟಿ ಬಲೆಯ ಬೇಲಿ ಹಾಕಿ. ಅಡಿಭಾಗವನ್ನು ಮಣ್ಣಿನೊಳಗೆ ಹೂಳಲೇಬೇಕು, ಅದು ತೋಡಿ ಒಳಗೆ ಬರುತ್ತದೆ. ಉರುಳು, ವಿಷ ಮಾತ್ರ ಬೇಡವೇ ಬೇಡ. 1972ರ ವನ್ಯಜೀವಿ ಕಾಯ್ದೆ ಇವುಗಳನ್ನು ರಕ್ಷಿಸುತ್ತದೆ. ಪಯಸ್ವಿನಿ ಹೊಳೆಯ ಬದಿಯಲ್ಲಿ ಇಂಥ ಪ್ರಾಣಿ ಇನ್ನೂ ಇದೆ ಅನ್ನುವುದೇ ನನಗೆ ದೊಡ್ಡ ಸಂತೋಷ.

ಹಿಕ್ಕೆಯ ಪಕ್ಕ ಒಂದು ನಾಣ್ಯ ಇಟ್ಟು ಫೋಟೋ ತೆಗೆದು ಇಲ್ಲೇ ಹಾಕಿ. ಅದು ಸಿಕ್ಕ ಜಾಗ ಬಂಡೆಯೋ ಮಣ್ಣೋ ಎಂದೂ ಬರೆಯಿರಿ.