ಹಳೇ ಸ್ಕೀ ಬೋಟಿಗೆ ತೇಗದ ಪ್ಲಾಟ್‌ಫಾರ್ಮ್ ಒಳ್ಳೆಯದಾ, ಫೈಬರ್‌ಗ್ಲಾಸಾ?

1980ರ ದಶಕದ ಸ್ಕೀ ಬೋಟು (ಹಗ್ಗ ಹಿಡಿದು ನೀರಿನ ಮೇಲೆ ಜಾರುವವರನ್ನು ಎಳೆಯುವಂಥದ್ದು), ಅದರ ಹಿಂಬದಿಗೆ ಬೂದು ಬಣ್ಣಕ್ಕೆ ತಿರುಗಿದ ತೇಗದ ಸ್ವಿಮ್ ಪ್ಲಾಟ್‌ಫಾರ್ಮ್, ಅಂದ್ರೆ ನೀರಿಗೆ ಇಳಿಯೋಕೆ, ಹತ್ತೋಕೆ ಇರುವ ಹಲಗೆ, ಅದನ್ನು ಕಿತ್ತು ಫೈಬರ್‌ಗ್ಲಾಸ್‌ನದು ಹಾಕಿಸಲೇ ಅಂತ ಕೇಳಿದ್ದೀರಿ. ಓದಿ ಮೊದಲು ನಗು ಬಂತು, ಆಮೇಲೆ ಹೊಟ್ಟೆ ಉರಿಯಿತು. ಇಂಥದ್ದೇ ಬೋಟು ಇಟ್ಟುಕೊಂಡು, ಇದೇ ಪ್ರಶ್ನೆ ತಲೆಗೆ ಹಚ್ಚಿಕೊಂಡು, ಫೈಬರ್‌ಗ್ಲಾಸ್ ಹಾಕಿದವನು ನಾನು.

ನಾನಿರುವುದು ಅಮೆರಿಕದ ಮಿನ್ನೆಸೋಟಾದಲ್ಲಿ. ವಾಟರ್ ಸ್ಕೀಯಿಂಗ್ ಹುಟ್ಟಿದ ಊರಿದು. 1922ರಲ್ಲಿ ಇಲ್ಲಿನ ಲೇಕ್ ಪೆಪಿನ್‌ನಲ್ಲಿ ರಾಲ್ಫ್ ಸ್ಯಾಮುಯೆಲ್ಸನ್ ಅನ್ನೋ ಹುಡುಗ ಕಾಲಿಗೆ ಎರಡು ಹಲಗೆ ಕಟ್ಟಿಕೊಂಡು ನೀರಿನ ಮೇಲೆ ನಿಂತು ತೋರಿಸಿದ. ಅಂಥ ಊರಲ್ಲಿ ಹಳೇ ಸ್ಕೀ ಬೋಟು ಕೊಂಡರೆ ಸಲಹೆಗೆ ಬರವಿಲ್ಲ. ಬೋಟು ಇಳಿಸುವ ಜಾಗದಲ್ಲಿ ಟ್ರೈಲರ್ ನಿಲ್ಲಿಸಿದರೆ ಸಾಕು, ಯಾರಾದರೂ ಒಬ್ಬರು ಹಿಂದೆ ಬಂದು ನಿಂತು, 'ಆ ಟೀಕ್ ತೆಗೆದುಬಿಡಿ, ರಗಳೆ ಜಾಸ್ತಿ' ಅನ್ನುತ್ತಿದ್ದರು.

ನನ್ನ ಹಲಗೆಯ ಸ್ಥಿತಿ ಚೆನ್ನಾಗಿರಲಿಲ್ಲ, ನಿಜ. ಹಿಂದಿನ ಮಾಲೀಕರು ಪ್ರತಿ ವರ್ಷ ಪ್ರೆಶರ್ ವಾಷರ್ ಹಿಡಿದು ತೊಳೆಯುತ್ತಿದ್ದರಂತೆ. ತೇಗಕ್ಕೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಮರದ ಎಳೆಗಳಲ್ಲಿ ಮೆತ್ತಗಿರೋದು ನೀರಿನ ಹೊಡೆತಕ್ಕೆ ಕೊಚ್ಚಿಹೋಗುತ್ತೆ, ಗಟ್ಟಿ ಎಳೆ ಮಾತ್ರ ಎದ್ದು ನಿಲ್ಲುತ್ತೆ. ನಮ್ಮ ಹಲಗೆ ಹಾಗೇ ಗೀರುಗೀರಾಗಿತ್ತು. ಮಗಳ ಹಿಮ್ಮಡಿಗೆ ಸಿಬಿರು ಚುಚ್ಚಿದ ದಿನ ಮನೆಯಲ್ಲಿ ತೀರ್ಮಾನ ಆಗಿಹೋಯಿತು.

ಆಗ ತೀರ್ಥಹಳ್ಳಿಯಿಂದ ಮಾವ ಬಂದಿದ್ದರು. ಹಲಗೆಯ ಅಂಚನ್ನು ಬೀಗದ ಕೈಯಿಂದ ಸ್ವಲ್ಪ ಕೆರೆದರು. ಬೂದು ಬಣ್ಣದ ಕೆಳಗೆ ಹೊಂಬಣ್ಣ ಕಂಡಿತು. ಬೆರಳು ಸವರಿ ಮೂಸಿ ನೋಡಿ, 'ಅಳಿಯಂದ್ರೇ, ಇದು ಒಳ್ಳೇ ಸಾಗುವಾನಿ. ಮಳೆಗೆ ನೆಂದು ನಮ್ಮನೆ ಹೆಬ್ಬಾಗಿಲೂ ಹೀಗೇ ಆಗಿದೆ. ಯಾಕೆ ಕೀಳ್ತೀರಿ?' ಅಂದರು. ಅಷ್ಟರಲ್ಲಿ ಫೈಬರ್‌ಗ್ಲಾಸ್‌ಗೆ ಆರ್ಡರ್ ಕೊಟ್ಟಾಗಿತ್ತು.

ಹೊಸದು ಬಂತು. ಬೆಳ್ಳಗೆ, ನುಣ್ಣಗೆ, ಮೇಲೆ ಕಾಲು ಜಾರದಂತೆ ಫೋಮ್ ಹಾಸು. ಆದರೆ ಅದನ್ನು ಬೋಟಿಗೆ ಹಿಡಿದಿಡುವ ಬ್ರಾಕೆಟ್ಟಿನ ತೂತುಗಳು ಬೋಟಿನ ಹಳೇ ತೂತುಗಳಿಗೆ ಕೂರಲಿಲ್ಲ. ಸಾಮಾನ್ಯವಾಗಿ ಕೂರುವುದೂ ಇಲ್ಲ. ಬೋಟಿಗೊಂದು ಅಳತೆ, ಪ್ಲಾಟ್‌ಫಾರ್ಮಿಗೊಂದು ಅಳತೆ. ನಾನು ಏನು ಮಾಡಿದೆ ಗೊತ್ತಾ? ಟ್ರಾನ್ಸಮ್‌ಗೆ, ಅಂದ್ರೆ ಬೋಟಿನ ಹಿಂದಿನ ಗೋಡೆಗೆ, ಹೊಸ ತೂತು ಕೊರೆದೆ. ಹಳೇ ತೂತುಗಳಿಗೆ ಬಾತ್‌ರೂಮಿಗೆ ಹಚ್ಚೋ ಸಿಲಿಕೋನ್ ತುಂಬಿ ಬೆರಳಲ್ಲಿ ಒರೆಸಿ ಕೈ ತೊಳೆದುಕೊಂಡೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ. ಆ ಕಾಲದ ಎಷ್ಟೋ ಸ್ಕೀ ಬೋಟುಗಳ ಟ್ರಾನ್ಸಮ್ ನೋಡೋಕೆ ಫೈಬರ್‌ಗ್ಲಾಸ್, ಒಳಗೆ ಪ್ಲೈವುಡ್. ಹೊರಗಿನ ಪದರ ನೀರು ತಡೆಯುತ್ತೆ. ಆದರೆ ತೂತು ಕೊರೆದಾಗ ತೂತಿನ ಒಳಮೈಯಲ್ಲಿ ಪ್ಲೈವುಡ್ ಬೆತ್ತಲಾಗಿ ಕೂತಿರುತ್ತೆ. ಬೋಟು ನೀರಲ್ಲಿ ಸುಮ್ನೆ ನಿಂತಾಗ ಬ್ರಾಕೆಟ್ಟಿನ ಕೆಳಗಿನ ಬೋಲ್ಟುಗಳು ಹೆಚ್ಚುಕಮ್ಮಿ ನೀರಿನ ಮಟ್ಟದಲ್ಲೇ ಇರುತ್ತವೆ. ಮೇಲಿಂದ ಜನ ಹತ್ತಿ ಇಳಿದಾಗಲೆಲ್ಲ ಬ್ರಾಕೆಟ್ಟು ಕೂದಲೆಳೆಯಷ್ಟು ಅಲುಗುತ್ತೆ. ಸಿಲಿಕೋನ್ ಮೇಲ್ಮೇಲೆ ಅಂಟಿಕೊಂಡಿರುತ್ತೆ ಅಷ್ಟೇ. ನೀರಲ್ಲಿ ಕೆಲಕಾಲ ಇದ್ದ ಮೇಲೆ ಅಂಚು ಬಿಡುತ್ತೆ. ಇನ್ನೊಂದು ತಾಪತ್ರಯ, ಒಮ್ಮೆ ಸಿಲಿಕೋನ್ ಮುಟ್ಟಿದ ಜಾಗಕ್ಕೆ ಆಮೇಲೆ ಬೇರೆ ಯಾವ ಅಂಟೂ ಸರಿಯಾಗಿ ಹಿಡಿಯಲ್ಲ. ಒಳಗೆ ಹೋದ ನೀರು ಹೊರಗೆ ಬರೋಕೆ ದಾರಿಯಿಲ್ಲ. ಅದರ ಮೇಲೆ ಮಿನ್ನೆಸೋಟಾದ ಚಳಿಗಾಲ. ಪ್ಲೈವುಡ್ ಹೀರಿಕೊಂಡ ನೀರು ಮಂಜುಗಡ್ಡೆಯಾಗಿ ಹಿಗ್ಗಿ ಪದರ ಪದರ ಬಿಡಿಸುತ್ತೆ. ಮುಂದಿನ ಬೇಸಿಗೆಯಲ್ಲಿ ಆ ಸಂದಿಗೆ ಇನ್ನಷ್ಟು ನೀರು.

ಸರಿಯಾದ ಕ್ರಮ ಹೀಗೆ. ಹಳೇ ತೂತನ್ನು ಕೊಂಚ ದೊಡ್ಡದು ಮಾಡಿ, ಒಳಗಿನ ಮರ ಚೆನ್ನಾಗಿ ಒಣಗಲು ಬಿಟ್ಟು, ಪುಡಿ ಬೆರೆಸಿ ಮಂದ ಮಾಡಿದ ಎಪಾಕ್ಸಿ (ಆಮೇಲೆ ಕಲ್ಲಿನಂತಾಗುವ ಅಂಟು) ತುಂಬಿಸಬೇಕು. ಹೊಸ ಬೋಲ್ಟಿಗೂ ಅಷ್ಟೇ: ದೊಡ್ಡ ತೂತು ಕೊರೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಯ ತೂತು ಕೊರೆಯಬೇಕು. ಆಗ ಬೋಲ್ಟಿನ ಸುತ್ತ ಎಪಾಕ್ಸಿ ಇರುತ್ತೆ, ಮರಕ್ಕೆ ನೀರು ಮುಟ್ಟುವ ಮಾತೇ ಇಲ್ಲ. ಬ್ರಾಕೆಟ್ಟಿನ ಕೆಳಗೆ ಬೋಟಿಗೇ ಅಂತ ಬರುವ ಪಾಲಿಯುರೆಥೇನ್ ಸೀಲೆಂಟ್, ಅಂದ್ರೆ ನೀರು ತಡೆಯುವ ಅಂಟು, ಹಚ್ಚಿ. 3ಎಂ ಕಂಪನಿಯ 5200 ಅನ್ನೋದು ಹಚ್ಚಿದರೆ ಮುಂದೆ ಬಿಚ್ಚುವಾಗ ಬೋಟಿನ ಚರ್ಮವೇ ಕಿತ್ತು ಬರುತ್ತೆ, ಅವರದೇ 4200 ಸಾಕು. ಒಳಗಡೆಯಿಂದ ಅಗಲದ ಲೋಹದ ತಗಡು ಕೊಟ್ಟು ನಟ್ಟು ಬಿಗಿಯಿರಿ. ಇಷ್ಟೂ ಒಂದು ವಾರಾಂತ್ಯದ ಕೆಲಸ. ನಾನು ಮಧ್ಯಾಹ್ನದೊಳಗೆ ಮುಗಿಸಿದ್ದೆ, ಆ ಹೆಮ್ಮೆ ಬೇರೆ.

ಎರಡು ಚಳಿಗಾಲ ಕಳೆದ ಮೇಲೆ ಪ್ಲಾಟ್‌ಫಾರ್ಮ್ ಒಂದು ಕಡೆ ತಗ್ಗಿದಂತೆ ಕಂಡಿತು. ಬೋಲ್ಟು ಬಿಗಿದೆ. ಬಿಗಿಯುತ್ತಲೇ ಹೋಯಿತು, ವಾಷರ್ ಒಳಕ್ಕೆ ಹೂತುಕೊಂಡಿತು. ಬಿಚ್ಚಿ ನೋಡಿದರೆ ತೂತಿನಿಂದ ಕಂದು ನೀರು, ಅದರ ಹಿಂದೆ ಚಹಾದಲ್ಲಿ ಅದ್ದಿದ ರಸ್ಕಿನಂಥ ಪ್ಲೈವುಡ್. ಬೆರಳಲ್ಲೇ ಕೆದಕಬಹುದಿತ್ತು. ಅರ್ಧ ಟ್ರಾನ್ಸಮ್ ಲಡ್ಡು ಹಿಡಿದಿತ್ತು. ರಿಪೇರಿಯವರು ಒಳಗಿನಿಂದ ಕತ್ತರಿಸಿ, ಕೊಳೆತದ್ದನ್ನು ಕಿತ್ತು, ಹೊಸದು ಕೂರಿಸಿ, ಮೇಲೆ ಫೈಬರ್‌ಗ್ಲಾಸ್ ಪದರ ಎಳೆದರು. ಆ ಬೇಸಿಗೆ ಬೋಟು ನೀರು ಕಾಣಲಿಲ್ಲ. ಖರ್ಚು ಹೊಸ ಪ್ಲಾಟ್‌ಫಾರ್ಮಿನ ಹಲವು ಪಟ್ಟು. ಎಷ್ಟು ಅಂತ ಬರೆಯಲ್ಲ, ಹೆಂಡತಿಯೂ ಇದನ್ನು ಓದಬಹುದು.

ಹಾಗಾಗಿ ತೇಗವೋ ಫೈಬರ್‌ಗ್ಲಾಸೋ ಅನ್ನೋ ಪ್ರಶ್ನೆಯನ್ನೇ ಸದ್ಯಕ್ಕೆ ಪಕ್ಕಕ್ಕಿಡಿ. ಪ್ಲಾಸ್ಟಿಕ್ ಸುತ್ತಿಗೆ ತಗೊಂಡು ಟ್ರಾನ್ಸಮ್ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಬನ್ನಿ. 'ಟಕ್ ಟಕ್' ಅಂತ ಖಡಕ್ಕಾಗಿ ಕೇಳಿದರೆ ಸರಿ. ಬ್ರಾಕೆಟ್ಟಿನ ಹತ್ತಿರ ಬಂದಾಗ ಸದ್ದು ಮಂಕಾದರೆ ಒಳಗೆ ನೀರಿದೆ ಅಂತಲೇ ಇಟ್ಟುಕೊಳ್ಳಿ.

ಗೋಡೆ ಗಟ್ಟಿಯಾಗಿದ್ದರೆ ನನ್ನ ಮಾತು ಕೇಳಿ, ತೇಗವನ್ನೇ ಉಳಿಸಿಕೊಳ್ಳಿ. ಬೂದು ಬಣ್ಣ ರೋಗ ಅಲ್ಲ. ಬಿಸಿಲು ಬಿದ್ದ ತೇಗದ ಬಣ್ಣವೇ ಅದು, ಒಳಗಿನ ಎಣ್ಣೆ ಮರವನ್ನು ಕಾಯುತ್ತಲೇ ಇರುತ್ತೆ. ಬಿಚ್ಚಿ ಉಪ್ಪುಕಾಗದ ಉಜ್ಜಿ, ಎದ್ದ ಎಳೆ ಮಟ್ಟ ಮಾಡಿ. ತೊಳೆಯುವಾಗ ಮೆತ್ತನೆಯ ಬ್ರಷ್ಷು, ಸೋಪಿನ ನೀರು, ಎಳೆಗೆ ಅಡ್ಡಡ್ಡ ಉಜ್ಜಬೇಕು. ವಾರ್ನಿಶ್ ಬೇಡವೇ ಬೇಡ, ಒದ್ದೆ ಕಾಲಿಟ್ಟರೆ ಜಾರಿ ಬೀಳುತ್ತೀರಿ. ತೇಗದ ಪಟ್ಟಿಗಳ ಸಂದಿಯಿಂದ ನೀರು ಇಳಿದುಹೋಗುತ್ತೆ ಅನ್ನೋದು ಇನ್ನೊಂದು ಲಾಭ. ಬೋಟು ಥಟ್ಟನೆ ನಿಂತಾಗ ಹಿಂದಿನಿಂದ ಬರುವ ಅಲೆ ಸಪಾಟು ಫೈಬರ್‌ಗ್ಲಾಸ್ ಮೇಲೆ ಮಗುಚಿಕೊಳ್ಳುತ್ತೆ. ನನ್ನದರಲ್ಲಿ ಬ್ಯಾಟರಿ ಪೆಟ್ಟಿಗೆವರೆಗೂ ಬರುತ್ತಿತ್ತು. ಕಪ್ಪು ಫೋಮ್ ಹಾಸು ಜುಲೈ ಬಿಸಿಲಲ್ಲಿ ಕಾಲು ಸುಡುತ್ತೆ, ಅದನ್ನು ಅಂಗಡಿಯಲ್ಲಿ ಯಾರೂ ಹೇಳಲ್ಲ.

ಫೈಬರ್‌ಗ್ಲಾಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಿಮ್ಮ ತೇಗ ನಿಜವಾಗಲೂ ಒಡೆದುಹೋಗಿದ್ದರೆ, ಬ್ರಾಕೆಟ್ಟು ಹಳೇ ತೂತಿಗೇ ಕೂರುವಂಥದ್ದು ಸಿಕ್ಕರೆ, ಹಾಕಿಸಿ. ಹೊಸ ತೇಗ ಈಗ ಸಿಗೋದೂ ಕಷ್ಟ. 2021ರಲ್ಲಿ ಅಮೆರಿಕ, ತೇಗಕ್ಕೆ ಹೆಸರಾದ ಮಯನ್ಮಾರಿನ ಸರ್ಕಾರಿ ಮರದ ಸಂಸ್ಥೆಯ ಮೇಲೆ ನಿರ್ಬಂಧ ಹೇರಿತು. ಅದಕ್ಕೇ ಹಳೇ ಬೋಟಿನ ಹಲಗೆ ಬಿಸಾಕುವ ಮುಂಚೆ ಎರಡು ಸಲ ಯೋಚಿಸಿ ಅನ್ನೋದು. ನಾನಂತೂ ಟ್ರಾನ್ಸಮ್ ಹೊಸದಾದ ಮೇಲೆ ಗ್ಯಾರೇಜಿನಲ್ಲಿದ್ದ ತೇಗವನ್ನೇ ಮತ್ತೆ ಹಾಕಿದೆ.

ಮಕ್ಕಳಿದ್ದಾರೆ ಅಂತ ಬರೆದಿದ್ದೀರಿ. ಎಕ್ಸಾಸ್ಟ್ ಪೈಪು ಪ್ಲಾಟ್‌ಫಾರ್ಮಿನ ಕೆಳಗೇ ಇರುತ್ತೆ, ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್ ವಿಷದ ಅನಿಲ, ಅದಕ್ಕೆ ವಾಸನೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 2005ರಿಂದ, ಹತ್ತಿ ಇಳಿಯುವಂಥ ಸಂದರ್ಭ ಬಿಟ್ಟರೆ, ಎಂಜಿನ್ ಓಡುವಾಗ ಅದರ ಮೇಲೆ ಯಾರೂ ಇರುವಂತಿಲ್ಲ ಅಂತ ಕಾನೂನೇ ಇದೆ. ನಿಮ್ಮ ರಾಜ್ಯದಲ್ಲಿ ಇಲ್ಲದಿದ್ದರೂ ಹಾಗೇ ಮಾಡಿ, ಹಲಗೆ ಯಾವುದೇ ಆಗಿರಲಿ.

ಸುತ್ತಿಗೆ ತಟ್ಟಿ ಏನು ಕೇಳಿಸಿತು ಅಂತ ಕಾಮೆಂಟಿನಲ್ಲಿ ಹಾಕಿ, ಬ್ರಾಕೆಟ್ಟಿನ ಫೋಟೋ ಜೊತೆಗೆ. ಅಲ್ಲಿವರೆಗೂ ಆರ್ಡರ್ ಮಾಡಬೇಡಿ.